ಮುನೇಶ್ವರನ ಗುಡಿಗೆ ಒಂದು ಸುತ್ತು

2014 ಸೆಪ್ಟೆಂಬರ್ 9, ಸಂಜೆ

ಇವತ್ತೂ ಅದೇ. ಗಾಡಿ ಬೆಳಿಗ್ಗೆಯಿಂದ ಓಡಿತು, ಶೆಡ್ಡಿನಿಂದ ಒಂದಡಿ ಆಚೆ ಹೋಗಲಿಲ್ಲ. ಚೈನು ಬಿಗಿದು ರೋಲರ್ ಮೇಲೆ ನಿಲ್ಲಿಸಿರುತ್ತೇವೆ, ಚಕ್ರ ಮಾತ್ರ ಸುತ್ತುತ್ತದೆ. ಡ್ರೈವರ್ ಕಾಡಪ್ಪ ಸ್ಟೀರಿಂಗ್ ಹಿಂದೆ ಕೂತು ಪರದೆಯ ಗೆರೆ ನೋಡಿಕೊಂಡು ಆಕ್ಸಲರೇಟರ್ ಒತ್ತುತ್ತಾನೆ, ಬಿಡುತ್ತಾನೆ. ಹಿಂದೆ ನಾನು ಹೊಗೆ ಅಳೆಯುತ್ತೇನೆ. ಇಳಿದು ಬಂದು ಮೈಮುರಿದ.

"ಅಕ್ಕಾ, ಕ್ಯಾಲಿಫೋರ್ನಿಯಾಗೆ ಹೋಗ್ಬಂದೆ. ಟ್ರಾಫಿಕ್ಕೇ ಇರ್ಲಿಲ್ಲ!"

ಗಾಡಿ ಕೊಟ್ಟ ಕ್ಲೈಂಟ್ ಕಂಪನಿ ಅಮೆರಿಕದವರಿಗೆ ಡೀಸೆಲ್ ಕ್ರಾಸೋವರ್ ಮಾರಬೇಕಂತೆ. ಕಾರಿನ ಮೈಗೆ ಜೀಪಿನ ಎತ್ತರ ಕೊಟ್ಟ ಗಾಡಿ. ಮಹೇಂದ್ರ ಸ್ಲೈಡ್ ತೋರಿಸಿದ — ದೂರದ ಹೈವೇ, ದೋಣಿ ಎಳೆಯುವ ಬಲ, ಒಂದು ಟ್ಯಾಂಕಿಗೆ ಮೂರು ರಾಜ್ಯ. ಹೊಗೆ ಪರೀಕ್ಷೆಯ ಈ ಲ್ಯಾಬ್ ಅವನದು. ಶೆಡ್ಡು ನಿಂತಿರುವುದು ಅವನ ಅಪ್ಪ ಮುನಿಆಂಜಿನಪ್ಪನವರ ರಾಗಿ ಹೊಲದಲ್ಲಿ.

"ಎಂಬತ್ತರ ದಶಕದಲ್ಲಿ ಅಲ್ಲಿ ಒಂದು ಸಲ ಮಾರಿ ನೋಡಿದ್ರು ಕಣೋ," ಅಂದೆ. "ಹೊಗೆ, ಗದ್ದಲ, ಚಳೀಲಿ ಸ್ಟಾರ್ಟ್ ಆಗ್ತಿರ್ಲಿಲ್ಲ. ಆ ಜನಕ್ಕೆ ಡೀಸೆಲ್ ಅಂದ್ರೆ ಇವತ್ತಿಗೂ ಲಾರಿ."

"ಎಲ್ರೂ ನಿಮ್ ತರಾ ನೆನಪಿಟ್ಕೊಂಡ್ರೆ ಯಾವ್ ವ್ಯಾಪಾರಾನೂ ನಡಿಯಲ್ಲ ಅಕ್ಕಾ," ಅಂದ ಮಹೇಂದ್ರ.

ನಿಜ. ಸೀಸ ಬೆರೆಸಿದ ಪೆಟ್ರೋಲು ಏನೂ ಮಾಡಲ್ಲ ಅಂದದ್ದು ನೆನಪಿದೆ. ಬಳ್ಳಾರಿ ರಸ್ತೆಯ ಮರ ಕಡಿದಾಗ ಬೇರೆ ಕಡೆ ನೆಡ್ತೀವಿ ಅಂದದ್ದು ನೆನಪಿದೆ. ಎರಡಕ್ಕೂ ಪತ್ರಿಕೆಗೆ ಬರೆದೆ, ಪೂರ್ತಿ ಹೆಸರು ಹಾಕಿ — ಕಲಾವತಿ, ಕೊಡಿಗೇಹಳ್ಳಿ.

ಅಂಕಿಗಳು ಚೆನ್ನಾಗಿವೆ. ಅಮೆರಿಕದ ಮಿತಿ ನಮ್ಮದಕ್ಕಿಂತ ಎಷ್ಟೋ ಬಿಗಿ, ಅದರೊಳಗೂ ಆರಾಮಾಗಿ ಕೂರುತ್ತಿವೆ. ತೀರಾ ಚೆನ್ನಾಗಿವೆ.

ಅಕ್ಟೋಬರ್ 1, ಸಂಜೆ

ರಜೆಗೆ ಮುಂಚೆಯೇ ಲ್ಯಾಬಿನ ಆಯುಧಪೂಜೆ ಮುಗಿಸಿದರು. ಅಜ್ಜ, ಅಂದರೆ ಮುನಿಆಂಜಿನಪ್ಪನವರು, ಕಾಂಪೌಂಡಿನಲ್ಲಿರುವ ಪ್ರತಿ ಗಾಡಿಯೂ ನಿಂಬೆಹಣ್ಣು ತುಳಿಯಲೇಬೇಕು ಅಂತ ಹಟ. ಮಹೇಂದ್ರ ತಲೆ ಕೆರೆದುಕೊಂಡ.

"ಅಪ್ಪಾ, ಅದು ಕ್ಲೈಂಟ್ ಗಾಡಿ. ಟೆಸ್ಟ್ ನಡೀತಿದೆ."

"ಇಂಗೆ ಕಟ್ಟಾಕವ್ರೆ ಅಂತ ದೇವ್ರ ತಾವ ಓಗ್ಬಾರ್ದಾ? ಬಿಚ್ರೋ ಚೈನು!"

ಬಿಚ್ಚಿದರು. ಕಾಡಪ್ಪ ನಿಂಬೆಹಣ್ಣು ತುಳಿಸಿದ, ಗೇಟಿನಲ್ಲಿ ಎಡಕ್ಕೆ ತಿರುಗಿದ, ರಸ್ತೆ ತುದಿಯ ಮುನೇಶ್ವರನ ಗುಡಿಗೆ ಒಂದು ಸುತ್ತು ಹಾಕಿ ಬಂದ. ಹಿಂದಕ್ಕೆ ಕಟ್ಟಿದ್ದ ಡಬ್ಬಿಯನ್ನು — ಹೊಗೆ ಅಳೆಯುವ ಚಿಕ್ಕ ಯಂತ್ರ, ಬ್ಯಾಟರಿಯಲ್ಲಿ ನಡೆಯುತ್ತದೆ — ಯಾರೂ ಆಫ್ ಮಾಡಿರಲಿಲ್ಲ.

ಕಡಲೆಪುರಿ ತಿನ್ನುತ್ತಾ ಗ್ರಾಫ್ ತೆಗೆದೆ. ಗೇಟಿನ ತಿರುವಿನವರೆಗೂ ನೆಲಕ್ಕಂಟಿದ ಗೆರೆ. ಅಲ್ಲಿಂದ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲಕ್ಕೆ. ನೈಟ್ರೋಜನ್ ಆಕ್ಸೈಡ್, ಮಿತಿಯ ಹತ್ತು ಪಟ್ಟು ಮೀರಿ. ವಾಪಸ್ ರೋಲರ್ ಮೇಲೆ ನಿಲ್ಲಿಸಿ ಹೊಸದಾಗಿ ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ನೆಲಕ್ಕೆ.

"ಕರ್ಪೂರದ ಹೊಗೆ ಇರ್ಬೇಕು ಅಕ್ಕಾ," ಅಂದ ಕಾಡಪ್ಪ.

ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಅಕ್ಟೋಬರ್ 16

ಯಂತ್ರ ಕೆಟ್ಟಿಲ್ಲ. ಬೇರೆ ಯಂತ್ರ ತಂದು ನೋಡಿದೆ. ಕಾಡಪ್ಪನನ್ನು ಹೆಸರಘಟ್ಟ ರಸ್ತೆಗೆ ಕಳಿಸಿದೆ, ಒಂದು ಸಲ ಅಲ್ಲ, ಬೇರೆ ಬೇರೆ ದಿನ. ಹೊರಗೆ ಹೋದರೆ ಕೊಳಕು. ರೋಲರ್ ಮೇಲೆ ಶುದ್ಧ. ಅದೇ ವೇಗ, ಅದೇ ಕಾಲು.

ಇವತ್ತು ಇನ್ನೊಂದು ಮಾಡಿದೆ. ಗಾಡಿ ರೋಲರ್ ಮೇಲೆ ಸುಮ್ಮನೆ ನಿಂತಿದೆ, ಇಂಜಿನ್ ಮಾತ್ರ ಆನ್. "ಸ್ಟೀರಿಂಗ್ ಸ್ವಲ್ಪ ಎಡಕ್ಕೆ ತಿರುಗಿಸು ಕಾಡಪ್ಪ." ತಿರುಗಿಸಿದ. ಗೆರೆ ಎದ್ದಿತು.

ರೋಲರ್ ಮೇಲೆ ಯಾರೂ ಸ್ಟೀರಿಂಗ್ ತಿರುಗಿಸುವುದಿಲ್ಲ. ರಸ್ತೆಯಲ್ಲಿ ತಿರುಗಿಸದೆ ಯಾರೂ ಹೋಗಲಾರರು. ಅಷ್ಟು ಸಾಕು ಅದಕ್ಕೆ. ನಾವು ನೋಡುತ್ತಿದ್ದೇವೋ ಇಲ್ಲವೋ ಗಾಡಿಗೆ ಗೊತ್ತಾಗುತ್ತದೆ. ಅಲ್ಲ, ಯಾರೋ ಕೂತು ಅದಕ್ಕೆ ಕಲಿಸಿದ್ದಾರೆ.

ಶೆಡ್ಡಿನಿಂದ ಆಚೆ ಬಂದು ಬಿಸಿಲಲ್ಲಿ ನಿಂತೆ. ರಿಪೋರ್ಟಿಗೆ ಸಹಿ ಹಾಕಬೇಕಾದವಳು ನಾನು.

ಅಕ್ಟೋಬರ್ 20

ಮಹೇಂದ್ರನಿಗೆ ಹೇಳಿದೆ. ಬಾಗಿಲು ಹಾಕಿಕೊಂಡ.

"ಅಕ್ಕಾ, ನಮ್ ಕೆಲಸ ರೂಮೊಳಗೆ ಅಳೆಯೋದು. ರೋಡಲ್ಲಿ ಏನ್ಮಾಡತ್ತೆ ಅಂತ ಯಾರ್ ಕೇಳಿದ್ರು?"

"ರಿಪೋರ್ಟಲ್ಲಿ 'ಈ ವಾಹನ' ಅಂತಿದೆ. 'ರೂಮೊಳಗಿನ ವಾಹನ' ಅಂತಿಲ್ಲ."

"ಅಮೆರಿಕದ ಗಾಡಿ, ಅಮೆರಿಕದ ಹೊಗೆ. ಹೆಬ್ಬಾಳಕ್ಕೆ ಬರುತ್ತಾ? ದಿನಾ ಫ್ಲೈಓವರ್ ಕೆಳಗೆ ಇದಕ್ಕಿಂತ ಕೆಟ್ಟದ್ದು ಕುಡೀತೀವಿ."

ಹೌದು. ರೈತರ ಹೆಸರಲ್ಲಿ ಡೀಸೆಲ್ ಅಗ್ಗ ಮಾಡಿ ದೊಡ್ಡ ಕಾರುಗಳಿಗೆ ಕುಡಿಸಿದ ದೇಶ ನಮ್ಮದು. ಈಗ ಬೆಲೆ ನಿಯಂತ್ರಣ ತೆಗೆದರಂತೆ, ನಿನ್ನೆ ಪೇಪರಿನಲ್ಲಿತ್ತು. ನಮ್ಮ ಮೂಗಿಗೆ ಬೆಲೆಯಿಲ್ಲ ಅಂತ ಬೇರೆಯವರ ಮೂಗಿಗೂ ಇಲ್ಲವೇ? ಅಲ್ಲಿಯೂ ಒಂದು ಮಗು ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕೂತಿರುತ್ತದೆ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ 12

ಕ್ಲೈಂಟ್ ಕಡೆಯವನು ಬಂದಿದ್ದ. ಬಿಳಿಯ, ಎತ್ತರ, ಮೆದು ಮಾತು. ಗಾಡಿಯೊಳಗೆ ಅವರದೇ ಒಂದು ಜಿಪಿಎಸ್ ಇತ್ತಂತೆ. ನಮಗೆ ಹೇಳಿರಲಿಲ್ಲ. ಎಲ್ಲರನ್ನೂ ಕೂರಿಸಿ ಲ್ಯಾಪ್‌ಟಾಪ್ ತಿರುಗಿಸಿದ. ನಕ್ಷೆ. ಶೆಡ್ಡಿನಿಂದ ಒಂದು ಕೆಂಪು ಗೆರೆ ಹೊರಟು ಒಂದು ಜಾಗದಲ್ಲಿ ಗುಂಡಗೆ ಸುತ್ತಿ ವಾಪಸ್ ಬಂದಿದೆ.

ಇದೇನು ಅಂತ ಕೇಳಿದ.

ಅಜ್ಜ ಬಗ್ಗಿ ನೋಡಿದರು. "ಓ, ನಮ್ ಮುನೇಸ್ವರ್ನ ಗುಡಿ! ನಿಮ್ ಗಾಡೀಗೆ ಒಳ್ಳೇದಾಗ್ಲಿ ಅಂತ ಒಂದ್ ಪ್ರದಕ್ಸಿಣೆ ಆಕ್ಸಿದ್ವಿ ಸ್ವಾಮಿ."

ಮಹೇಂದ್ರ ಇಂಗ್ಲಿಷಿನಲ್ಲಿ ವಿವರಿಸಿದ. ಆತ ಕೈ ಮುಗಿದ. ಬಹಳ ಸುಂದರ, ಪ್ರತಿ ವರ್ಷ ಮಾಡಿ, ನಮ್ಮ ಅಭ್ಯಂತರ ಇಲ್ಲ ಅಂದ. ಎಲ್ಲರೂ ನಕ್ಕರು. ನಾನೂ.

ಆಮೇಲೆ ಒಂದು ಕೀ ಒತ್ತಿದ. ಹೆಸರಘಟ್ಟ ರಸ್ತೆಯ ಉದ್ದಕ್ಕೂ ಕೆಂಪು ಗೆರೆಗಳು.

ಮತ್ತೆ ಇವು? ಇವು ಯಾವ ದೇವರು?

ನಗು ನಿಂತಿತು. ಮಹೇಂದ್ರ ನನ್ನನ್ನು ನೋಡಿದ. ನಾನು ಮೇಜು ನೋಡಿದೆ. ಬಾಗಿಲ ಹತ್ತಿರದಿಂದ ಕಾಡಪ್ಪನ ದನಿ —

"ನಾನೇ ಸಾರ್. ಟೀ ಕುಡಿಯಕ್ ಹೋಗಿದ್ದೆ."

ನವೆಂಬರ್ 13

ಮಹೇಂದ್ರ ಕರೆದು ಮೆಲ್ಲಗೆ ಹೇಳಿದ. ಕ್ಲೈಂಟ್ ಗಾಡಿ ದುರ್ಬಳಕೆ ಅಂತ ಕಾಡಪ್ಪನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಲು ಹೊರಟಿದ್ದರಂತೆ. ಸದ್ಯಕ್ಕೆ ತಡೆದಿದ್ದಾನಂತೆ.

"ಸದ್ಯಕ್ಕೆ ಅಂದ್ರೆ?"

"ನಿಮ್ ಸಹಿ ಆಗೋವರೆಗೆ. ಆದ್ಮೇಲೆ ಮರೆತ್ಬಿಡ್ತಾರೆ."

"ನಾನೇ ಕಳಿಸಿದ್ದು ಮಹೇಂದ್ರ. ನಿಂಗೆ ಗೊತ್ತು."

"ಹಾಗಂತ ಹೇಳಿ. ಯಾಕೆ ಕಳಿಸಿದ್ರಿ ಅಂತಾನೂ ಹೇಳ್ಬೇಕಾಗತ್ತೆ ಅಲ್ವಾ? ಅಷ್ಟಾದ್ರೆ ನಾಳೆಯಿಂದ ಈ ಶೆಡ್ಡಲ್ಲಿ ಅಪ್ಪ ರಾಗಿ ಒಣಗಿಸ್ತಾರೆ. ನಾವೆಲ್ಲ ಮನೇಲಿರ್ತೀವಿ."

ಬೆದರಿಸುವ ದನಿಯಲ್ಲ. ಅವನೂ ಹೆದರಿದ್ದಾನೆ. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಒಂದು ಕೇಸು ಬಿದ್ದರೆ ಕಾಡಪ್ಪನ ಕೈಗೆ ಇನ್ನು ಯಾರು ಕೀ ಕೊಡುತ್ತಾರೆ?

ನವೆಂಬರ್ 27

ಸಹಿ ಮುಂದೂಡಲು, ಯಂತ್ರ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿಮಾಡಿಸಲು, ಹೋಗಿದೆ ಅಂದೆ. ಹೋಗಿಲ್ಲ. ನನ್ನ ಕಪಾಟಿನಲ್ಲಿದೆ.

ಮನೆಯ ಫೋನಿಗೆ ಎರಡು ಸಲ ಕರೆ. ಎತ್ತಿದರೆ ಮಾತಿಲ್ಲ, ಉಸಿರು ಮಾತ್ರ. ರಘುನಾಥ್ ನಕ್ಕರು. "ಕ್ರೆಡಿಟ್ ಕಾರ್ಡಿನವರು ಕಣೇ." ಮದುವೆಯಾದಾಗಿನಿಂದ ಈ ಗಂಡಸಿಗೆ ಎಲ್ಲ ಅಪಾಯವೂ ಕ್ರೆಡಿಟ್ ಕಾರ್ಡಿನವರು. ಕ್ರೆಡಿಟ್ ಕಾರ್ಡಿನವರು ಮಾತಾಡದೆ ಇಡುತ್ತಾರಾ?

ಇವತ್ತು ಜಾಲಹಳ್ಳಿಯಿಂದ ಕೊಡಿಗೇಹಳ್ಳಿವರೆಗೆ ನನ್ನ ಸ್ಕೂಟರ್ ಹಿಂದೆ ಒಂದೇ ಬೈಕು. ನಾನು ತರಕಾರಿ ಅಂಗಡಿಗೆ ನಿಲ್ಲಿಸಿದೆ. ಅದೂ ನಿಂತಿತು. ಅವನೂ ತರಕಾರಿ ತಗೊಂಡ. ಬೀನ್ಸು.

ರಘುನಾಥ್‌ಗೆ ಎಲ್ಲ ಹೇಳಿದೆ. "ಬೀದಿ ದೀಪದ ಬಗ್ಗೆ ಪೇಪರಿಗೆ ಬರೆದ ಹಾಗಲ್ಲ ಕಲಾ ಇದು," ಅಂದರು. ಬೀನ್ಸಿನವನ ಬಗ್ಗೆ ಮಾತ್ರ ನಗಲಿಲ್ಲ.

2015 ಜನವರಿ 15

ಕಚ್ಚಾ ತೈಲದ ಬೆಲೆ ಅರ್ಧಕ್ಕಿಂತ ಕೆಳಗೆ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತೇನೆ, ಹಾಲು ಕಾಯಿಸುವ ಮೊದಲು. ಅಮೆರಿಕದಲ್ಲಿ ಪೆಟ್ರೋಲು ನೀರಿನ ಹಾಗಾಗಿದೆ. ಅಗ್ಗದ ಪೆಟ್ರೋಲು ಬಿಟ್ಟು ಯಾರು ಹೆಚ್ಚು ಕೊಟ್ಟು ಡೀಸೆಲ್ ಗಾಡಿ ಕೊಳ್ಳುತ್ತಾರೆ? ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದ್ದಾರೆ. ಸದ್ಯಕ್ಕೆ.

ಇನ್ನೂ ಇಳಿಯಲಿ. ಕೊಳ್ಳುವವರಿಲ್ಲದ ಗಾಡಿಗೆ ರಿಪೋರ್ಟ್ ಬೇಡ, ರಿಪೋರ್ಟ್ ಇಲ್ಲದಿದ್ದರೆ ಸಹಿ ಬೇಡ. ಎಳ್ಳು ಬೀರಲು ಬಂದ ಮಕ್ಕಳ ಮುಂದೆ ಅದನ್ನೇ ಬೇಡಿಕೊಂಡೆ. ಒಳ್ಳೆಯ ಮಾತಾಡುವ ಹಬ್ಬ.

ಮೇ 5

ಗಾಡಿಗೆ ಬೂದು ಹೊದಿಕೆ ಹಾಕಿ ಮೂಲೆಗೆ ತಳ್ಳಿದ್ದಾರೆ. ಅದರ ಪಕ್ಕ ಹಾದುಹೋಗುವಾಗ ದನಿ ತಗ್ಗಿಸುತ್ತೇನೆ. ಯಾಕೋ ಗೊತ್ತಿಲ್ಲ.

ಬೇರೇನೂ ಇಲ್ಲ. ಇರದಿರಲಿ.

ಸೆಪ್ಟೆಂಬರ್ 23, ಬೆಳಿಗ್ಗೆ

ಪೇಪರ್ ತುಂಬ ಅದೇ. ಜರ್ಮನಿಯ ದೊಡ್ಡ ಕಂಪನಿ, ಲಕ್ಷಗಟ್ಟಲೆ ಡೀಸೆಲ್ ಕಾರು, ಪರೀಕ್ಷೆಯಲ್ಲಿ ಒಂದು ಹೊಗೆ, ರಸ್ತೆಯಲ್ಲಿ ಇನ್ನೊಂದು. ಓದಿದೆ. ಮತ್ತೆ ಓದಿದೆ. ನಮ್ಮ ಕ್ಲೈಂಟ್ ಅಲ್ಲ ಇವರು. ಆದರೂ ನನ್ನ ಕಪಾಟಿನೊಳಗಿದ್ದದ್ದನ್ನು ಯಾರೋ ಬೀದಿಗೆ ತಂದು ಹರವಿದ ಹಾಗಾಯಿತು.

ಮುಗಿಯಿತು ಅಂದುಕೊಂಡೆ. ಇನ್ನು ಅಮೆರಿಕದಲ್ಲಿ ಡೀಸೆಲ್ ಅನ್ನುವ ಮಾತೇ ಎತ್ತುವ ಹಾಗಿಲ್ಲ.

ಅದೇ ದಿನ, ಸಂಜೆ

ಮುಗಿದಿಲ್ಲ. ಮಹೇಂದ್ರ ಸ್ವೀಟ್ ತಂದಿದ್ದ.

"ಇದೇ ಟೈಮ್ ಅಕ್ಕಾ! ಅವ್ರು ಮಾರ್ಕೆಟ್ಟಿಂದ ಔಟ್. ಈಗ ಅಮೆರಿಕದವ್ರಿಗೆ ಒಂದು ಕ್ಲೀನ್ ಡೀಸೆಲ್ ಕ್ರಾಸೋವರ್ ತೋರಿಸಿದ್ರೆ ಜಾಗ ಖಾಲಿ ಇದೆ. ಅರ್ಜೆಂಟ್ ಅಂತಿದಾರೆ."

"ಮಹೇಂದ್ರ, ನಮ್ಮದೂ ಅದೇ ಗಾಡಿ ಕಣೋ."

ಸ್ವೀಟ್ ಡಬ್ಬಿ ಮುಚ್ಚಿದ. "ಹಾಗಂತ ಈ ರೂಮಿಂದಾಚೆ ಅನ್ಬೇಡಿ."

ಹೊರಗಿನ ಸಂಸ್ಥೆಯ ಪರಿಶೀಲಕಿಯೊಬ್ಬಳು ಬರುತ್ತಾಳಂತೆ. ಅವಳ ಎದುರಿಗೇ ಟೆಸ್ಟು, ಅವಳ ಎದುರಿಗೇ ನನ್ನ ಸಹಿ. ಅಕ್ಟೋಬರ್ 20.

ಅಕ್ಟೋಬರ್ 12

ಅಜ್ಜ ಆಯುಧಪೂಜೆಗೆ ದಿನ ಗೊತ್ತು ಮಾಡಿದ್ದಾರೆ. ಈ ಸಲವೂ ರಜೆಗೆ ಮುಂಚೆ. ಇಪ್ಪತ್ತು.

ಮಹೇಂದ್ರ ಬೇಡ ಅಂದನಂತೆ. "ಓದ್ ವರ್ಸ ಆ ದೊರೆ ಏನಂದ? ಪ್ರತಿ ವರ್ಸ ಮಾಡಿ ಅನ್ಲಿಲ್ವಾ? ಅವ್ನಿಗಿರೋ ಬುದ್ಧಿ ನಿಂಗಿಲ್ಲ," ಅಂತ ಬೈದರಂತೆ.

ಆ ಕೆಂಪು ಗೆರೆಗಳಲ್ಲಿ ಒಂದಕ್ಕೆ ಮಾತ್ರ ಅನುಮತಿ ಇದೆ. ಎಲ್ಲರೂ ಕೇಳಿಸಿಕೊಂಡಿದ್ದಾರೆ.

ಡಬ್ಬಿಯ ಬ್ಯಾಟರಿ ಚಾರ್ಜಿಗೆ ಹಾಕಿದೆ.

ಅಕ್ಟೋಬರ್ 19

ಟೀ ಅಂಗಡಿಯಲ್ಲಿ ಕಾಡಪ್ಪನಿಗೆ ಹೇಳಿದೆ.

"ನಾಳೆ ಗುಡಿಗೆ ಗಾಡಿ ತೆಗೀತೀಯಲ್ಲ, ಹಿಂದೆ ಡಬ್ಬಿ ಕಟ್ಟಿರ್ತೀನಿ. ಆನ್ ಇರತ್ತೆ. ಬೇಡ ಅಂದ್ರೆ ಈಗ್ಲೇ ಅನ್ನು."

ಗ್ಲಾಸು ಬೆಂಚಿನ ಮೇಲಿಟ್ಟ.

"ಹೋದ್ಸಲ ಟೀ ಕುಡಿಯಕ್ ಹೋಗಿದ್ದೆ ಅಂದೆ. ಮೂರ್ ಕಿಲೋಮೀಟರ್ ಹೋಗಿ ಟೀ ಕುಡಿಯೋನಂತೆ ನಾನು! ಹುಡುಗ್ರು ಇವತ್ತಿಗೂ ಆಡ್ಕೋತಾರೆ." ಆಮೇಲೆ, ನನ್ನ ಕಡೆ ನೋಡದೆ, "ಈ ಸಲ ಕೇಳಿದ್ರೆ ನೀವ್ ಹೇಳ್ತೀರಾ ಅಕ್ಕಾ?"

"ಹೇಳ್ತೀನಿ."

"ಜೋರಾಗಿ?"

"ಜೋರಾಗಿ."

"ಹಂಗಾದ್ರೆ ಕಟ್ಟಿ."

ಅಕ್ಟೋಬರ್ 20, ಬೆಳಿಗ್ಗೆ 11

ಯಂತ್ರಗಳ ಕೋಣೆ. ಗಾಡಿ ಗುಡಿಗೆ ಹೋಗಿದೆ. ಬರುವವರೆಗೆ ಬರೆಯುತ್ತೇನೆ.

ಬೆಳಿಗ್ಗೆ ರೋಲರ್ ಮೇಲಿನ ಟೆಸ್ಟು ಆಯಿತು. ನೆಲಕ್ಕಂಟಿದ ಗೆರೆ. ಪರಿಶೀಲಕಿ ತಲೆದೂಗಿದಳು. ಐವತ್ತರ ಹೆಂಗಸು, ಕನ್ನಡಕಕ್ಕೆ ದಾರ, ಕೈಯಲ್ಲಿ ಅಜ್ಜ ಕೊಟ್ಟ ಚೆಂಡುಹೂವು. ರಿಪೋರ್ಟ್ ಮೇಜಿನ ಮೇಲಿದೆ, ನನ್ನ ಹೆಸರಿನ ಮೇಲೆ ಖಾಲಿ ಜಾಗ.

ಪೂಜೆ ಶುರುವಾದಾಗ ಮಹೇಂದ್ರ ಗಾಡಿಯ ಹಿಂಭಾಗ ನೋಡಿದ. ಮುಖ ಬಿಳಿಚಿತು.

"ಅಕ್ಕಾ... ಆ ಡಬ್ಬಿ ಯಾಕೆ?"

ನನ್ನ ಬದಲು ಅಜ್ಜ ಹೇಳಿದರು. "ಆಯುದ ಅಲ್ವೇನ್ಲಾ ಅದೂವೆ? ಆಗ್ಲೇ ಕುಂಕುಮ ಇಟ್ಟಿವ್ನಿ."

ನಿಂಬೆಹಣ್ಣು ಚಿಟ್ ಅಂದಿತು. ಕಾಡಪ್ಪ ಗೇಟಿನಲ್ಲಿ ಎಡಕ್ಕೆ ತಿರುಗಿದ. ಪರಿಶೀಲಕಿ ಕತ್ತು ಚಾಚಿ ನೋಡಿದಳು. ಆ ಯಂತ್ರ ಚಾಲೂ ಇದೆಯಾ, ಯಾರು ಹೇಳಿ ಕಟ್ಟಿಸಿದ್ದು ಅಂತ ಕೇಳಿದಳು.

ಎಲ್ಲರೂ ಇದ್ದರು. ಜಾಗಟೆ ಬಡಿಯುವವನು ಕೂಡ ನಿಲ್ಲಿಸಿದ್ದ.

"ನಾನು," ಅಂದೆ. ಇನ್ನೊಂದು ಸಲ, ಜೋರಾಗಿ — ನಾನು. ಹೋದ ವರ್ಷ ಈ ಗಾಡಿಯನ್ನು ಹೆಸರಘಟ್ಟ ರಸ್ತೆಗೆ ಕಳಿಸಿದ್ದೂ ನಾನೇ, ಡ್ರೈವರ್ ಅಲ್ಲ. ಯಾಕೆ ಅಂತ ಗಾಡಿ ವಾಪಸ್ ಬಂದ ಮೇಲೆ ತೋರಿಸುತ್ತೇನೆ.

ಅವಳು ಚೆಂಡುಹೂವನ್ನು ರಿಪೋರ್ಟಿನ ಮೇಲಿಟ್ಟಳು. ಕಾಯುತ್ತೇನೆ ಅಂದಳು.

ಮಹೇಂದ್ರ ಫೋನ್ ಹಿಡಿದು ಹೊರಗೆ ಹೋದ. ಯಾರಿಗೆ ಮಾಡುತ್ತಿದ್ದಾನೋ. ಪೊಲೀಸರಿಗೋ, ಅಮೆರಿಕಕ್ಕೋ. ಭಯ ಹೋಗಿಲ್ಲ. ಹೇಳಿದ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ.

ಹಾರ್ನ್. ಕಾಡಪ್ಪ. ಬೇಕಂತಲೇ ಉದ್ದಕ್ಕೆ ಹೊಡೆಯುತ್ತಿದ್ದಾನೆ. ಗೇಟು ತೆಗೆಯುತ್ತಿದ್ದಾರೆ. ಪರಿಶೀಲಕಿ ಕುರ್ಚಿ ಎಳೆದು ಪರದೆಯ ಮುಂದೆ ಕೂತಳು, ಕನ್ನಡಕ ಏರಿಸಿದಳು. ಮಹೇಂದ್ರ ವಾಪಸ್ ಬಂದ, ನೇರ ನನ್ನ ಕಡೆಗೇ, ಫೋನು ಮುಂದಕ್ಕೆ ಚಾಚಿ. "ಅಕ್ಕಾ, ಕ್ಲೈಂಟ್ ಲೈನಲ್ಲಿದಾರೆ, ಮಾತಾಡ್ಬೇಕಂತೆ, ಒಂದೇ ನಿಮಿಷ, ಡಬ್ಬಿ ಬಿಚ್ಚೋಕ್ಮುಂಚೆ" —

ಇಲ್ಲ. ಮೊದಲು ಡಬ್ಬಿ. ಪೆನ್ನು ಇಡುತ್ತಿದ್ದೇನೆ, ಅದನ್ನು ಬಿಚ್ಚಿ ಅವಳ ಮುಂದಿನ ಪರದೆಗೆ ಹಚ್ಚಬೇಕು.