ಪರೀಕ್ಷೆ ಇಲ್ಲದ ಸೀಟು

ಜೂನ್ 3, 1983, ಶುಕ್ರವಾರ

ಇವತ್ತೂ ಕಾರ್ಕಳದಿಂದ ಬಸ್ಸಿನಲ್ಲಿ ನಿಂತೇ ಬಂದೆ. ಸೀರೆಗೆಲ್ಲ ಗೇರುಬೀಜ ಹುರಿದ ಹೊಗೆಯ ವಾಸನೆ. ಕಾಪು ಮುಟ್ಟಿದರೆ ಮನೆಯಲ್ಲಿ ಮಣಿಪಾಲದ ಕಾಲೇಜಿನ ಕಾರ್ಡು! ಬುಧವಾರ ಎಂಬಿಎ ಇಂಟರ್‌ವ್ಯೂ. ಪ್ರವೇಶ ಪರೀಕ್ಷೆ ಇಲ್ಲ. ಡಿಗ್ರಿ ಮಾರ್ಕು, ಕೆಲಸದ ಅನುಭವ, ಮಾತುಕತೆ — ಅಷ್ಟೇ.

ಪಪ್ಪಾ ನಕ್ಕರು. "ಪರೀಕ್ಷೆ ಇಲ್ಲದ ಕಾಲೇಜು ಎಂತ ಕಾಲೇಜು ಮಾರಾಯ್ತಿ?"

ಐದು ವರ್ಷ ಕಾರ್ಕಳದ ಆ ಗೇರುಬೀಜದ ಕಾರ್ಖಾನೆ ನಾನು ನಡೆಸಿದ್ದು ಪರೀಕ್ಷೆ ಅಲ್ಲದೆ ಮತ್ತೆಂತ? ಧಣಿ ಹೆಸರಿಗೆ ಮಾತ್ರ.

ಜೂನ್ 5, ಭಾನುವಾರ

ಇಗರ್ಜಿಯಲ್ಲಿ ಪೂಜೆ ಮುಗಿಯುವಾಗ ಫಾದರ್, ಮದುವೆಗೆ ಮುಂಚೆ ಮೂರು ಭಾನುವಾರ ಓದುವ ಘೋಷಣೆ ಓದಿದರು. "ಆಂಟನಿಯವರ ಮಗಳು ಎಸ್ತರ್, ವರ ಇಮ್ಯಾನುಯೆಲ್. ಇದು ಮೊದಲನೆಯ ಸಲ. ಅಡ್ಡಿ ಗೊತ್ತಿದ್ದವರು ತಿಳಿಸಬೇಕು."

ಎಸ್ತರ್ ಅಂದರೆ ನಾನು!

ಈ ಮದುವೆಗೆ ಹೂಂ ಎಂದದ್ದು ನಿಜ — ಓದು ಮುಗಿದ ಮೇಲೆ ಅಂತ. ಇಮ್ಯಾನುಯೆಲ್‌ಗೆ ಕುವೈತ್‌ನ ಕೆಲಸದಿಂದ ಈಗಲೇ ರಜೆ ಸಿಕ್ಕಿತಂತೆ. ನನ್ನನ್ನು ಕೇಳದೆ ಪಪ್ಪಾ ಫಾದರ್ ಹತ್ತಿರ ಹೋಗಿ ಹೆಸರು ಕೊಟ್ಟು ಬಂದರಂತೆ. "ಒಪ್ಪಿದ್ದೀಯಲ್ಲ. ಈಗ ಆದರೆ ಎಂತ, ಮತ್ತೆ ಆದರೆ ಎಂತ?"

ಊಟ ಮಾಡಲಿಲ್ಲ.

ಜೂನ್ 8, ಬುಧವಾರ

ಇಂಟರ್‌ವ್ಯೂಗೆ ಮೂವರು. ಇಬ್ಬರು ಸರಿಯಾಗಿಯೇ ಕೇಳಿದರು. ಸಿಪ್ಪೆ ತೆಗೆಯುವ ಹೆಂಗಸರು ಬೀಜ ತುಂಡು ಮಾಡಿದರೆ ಕೂಲಿ ಕಡಿತ ಮಾಡುತ್ತೀರಾ? ಇಲ್ಲ ಎಂದೆ. ಬೀಜ ಸರಿ ಒಣಗದೆ ತುಂಡಾಗುವುದು, ಮೊದಲು ಒಣಗಿಸುವವನನ್ನು ವಿಚಾರಿಸಬೇಕು. ತಲೆಯಾಡಿಸಿದರು.

ಮೂರನೆಯವರು ಮೌರಿಸ್ ಸರ್. ನಮ್ಮದೇ ಇಗರ್ಜಿಯವರು. "ಭಾನುವಾರ ನಿಮ್ಮ ಹೆಸರು ಓದಿದರಲ್ಲ? ಕುವೈತಿಗೆ ಹೋಗುವ ಹುಡುಗಿಗೆ ಸೀಟು ಕೊಟ್ಟರೆ ಇನ್ನೊಬ್ಬನ ಹೊಟ್ಟೆಗೆ ಹೊಡೆದ ಹಾಗೆ, ಅಲ್ವಾ?"

"ಮದುವೆ ಈಗ ಇಲ್ಲ ಸರ್."

"ಇನ್ನು ಎರಡು ಭಾನುವಾರ ಉಂಟಲ್ಲ, ನೋಡುವ. ಸೀಟಿನ ಲಿಸ್ಟ್ ಹಾಕುವುದು ಇಪ್ಪತ್ತನೇ ತಾರೀಕಿಗೆ."

ಎಷ್ಟು ಮರ್ಯಾದೆಯ ಮಾತು! ಬರೆಯುವ ಪರೀಕ್ಷೆ ಇದ್ದಿದ್ದರೆ ಪ್ರಶ್ನೆಪತ್ರಿಕೆ ನನ್ನ ಮದುವೆ ವಿಚಾರಿಸುತ್ತಿತ್ತೇ? ಗಂಡಸರಿಗೆ ಕೇಳಿದರೇ ಇದನ್ನು? ದರಿದ್ರದವರು.

ಜೂನ್ 12, ಭಾನುವಾರ

ಎರಡನೆಯ ಸಲ ಓದಿದರು. ಮಮ್ಮಿ ನನ್ನ ಸೆರಗು ಹಿಡಿದುಕೊಂಡೇ ಕೂತಿದ್ದರು. ಬಾಯಿ ಬಿಡಲಿಲ್ಲ ನಾನು. ಥೂ, ನನ್ನ ಜನ್ಮಕ್ಕೆ.

ಜೂನ್ 19, ಭಾನುವಾರ

ಮೌರಿಸ್ ಎದುರು ಸಾಲಿನಲ್ಲಿ. ಫಾದರ್ ಓದಿದರು — ಮೂರನೆಯ ಸಲ, ಕೊನೆಯ ಸಲ, ಅಡ್ಡಿ ಗೊತ್ತಿದ್ದವರು... ಮಮ್ಮಿಯ ಕೈಯಿಂದ ಸೆರಗು ಎಳೆದುಕೊಂಡು ಎದ್ದೆ.

"ಅಡ್ಡಿ ಉಂಟು ಫಾದರ್. ಹುಡುಗಿಗೆ ಒಪ್ಪಿಗೆ ಇಲ್ಲ."

"ಯಾರು ಹೇಳಿದ್ದು?"

"ಹುಡುಗಿಯೇ."

ಇಡೀ ಇಗರ್ಜಿ ತಿರುಗಿ ನೋಡಿತು. ಮೌರಿಸ್ ಸಹ. ನೋಡಲಿ! ನಾಳೆ ಸೀಟು ಇಲ್ಲ ಎನ್ನಲು ಬೇರೆ ನೆಪ ಹುಡುಕಲಿ. ಪಪ್ಪಾ ಎದ್ದು ಹೊರಗೆ ನಡೆದರು.

ಮನೆಗೆ ಬಂದಾಗಿನಿಂದ ಪಪ್ಪಾ ಅಂಗಳದಲ್ಲೇ ಇದ್ದಾರೆ. ಮಮ್ಮಿ ಅಳುತ್ತಿದ್ದಾರೆ. ನಾನು ಅಳುವುದಿಲ್ಲ. ಕೇಳದೆ ಹೆಸರು ಕೊಟ್ಟವರು ಅಳಲಿ.

ಬಾಗಿಲು ಬಡಿಯುತ್ತಿದ್ದಾರೆ. ಪಪ್ಪಾ. ಬೈಯಲಿ, ನನಗೂ ಹೇಳಲಿಕ್ಕೆ ಬೇಕಾದಷ್ಟು ಉಂಟು...

ಬೈಯಲಿಲ್ಲ. ನಾಳೆ ಲಿಸ್ಟ್ ನೋಡಲು ಮಣಿಪಾಲಕ್ಕೆ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದರು. ನಾನೊಬ್ಬಳೇ ಹೋಗುತ್ತೇನೆ ಎಂದೆ. ಪಪ್ಪಾ ಹೋಗಲಿಲ್ಲ, ನಾನೂ ಬರುತ್ತೇನೆ ಎಂದು ಬಾಗಿಲ ಹೊರಗೆ ಇನ್ನೂ ನಿಂತೇ ಇದ್ದಾರೆ.