ಮುಖ್ಯಸ್ಥರ ಸಹಿ ಇಲ್ಲದ ಅರ್ಜಿ

ಬ್ಯಾಟರಾಯನಪುರ
8 ಜೂನ್ 2025, ಭಾನುವಾರ

ಪ್ರೀತಿಯ ಸಂಯುಕ್ತಾ,

ನಾವಿಲ್ಲಿ ಕ್ಷೇಮ ಎಂದು ಬರೆದರೆ ಮುಕ್ಕಾಲು ನಿಜ. ಅಮ್ಮನ ಬಿಪಿ ಹಿಡಿತದಲ್ಲಿದೆ, ಅಮ್ಮ ಯಾರ ಹಿಡಿತದಲ್ಲೂ ಇಲ್ಲ. ಯುಗಾದಿಗೆ ನೀನು ಕಳಿಸಿದ ಪೇಡೆಗೆ ಜೂನ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ, ತಪ್ಪು ನನ್ನದೇ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಏಳು ವರ್ಷದಿಂದ ಅಮ್ಮನ ಬಿಪಿ ದಾಟಿ ಮುಂದಕ್ಕೆ ಹೋಗಿಲ್ಲ.

ಮೊದಲು ಸುದ್ದಿ. ನನ್ನನ್ನು ಟಪಾಲು ವಿಭಾಗದಿಂದ ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ಧೂಳು ಜಾಸ್ತಿ, ಗೋಳು ಕಮ್ಮಿ. ಈ ವಯಸ್ಸಿನಲ್ಲೂ ಪ್ರಾಸ ಬಿಟ್ಟಿಲ್ಲ ಎಂದು ನಗಬೇಡ. ಯಾಕೆ ಹಾಕಿದರು ಎಂದು ಹೇಳುವುದಕ್ಕೇ ಈ ಕಾಗದ.

ಮೇ ತಿಂಗಳಲ್ಲಿ ನಮ್ಮ ವಿಶ್ವವಿದ್ಯಾಲಯದ ಮೈದಾನದಲ್ಲಿ ನೌಕರರ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯಿತು. ನಡೆಸಿದವರು ಎಂದಿನಂತೆ ಕ್ರೀಡಾ ವಿಭಾಗದ ಮುಖ್ಯಸ್ಥರು. ಎರಡನೇ ವಾರ ಕೀರ್ತಿ ಎಂಬ ಹುಡುಗಿ ನನ್ನ ಕಿಟಕಿಗೆ ಬಂದಳು. ವಿಜಯಪುರದ ಕಡೆಯವಳು, ಅದೇ ವಿಭಾಗದಲ್ಲಿ ಎಂ.ಪಿ.ಎಡ್. ಓದುತ್ತಾಳೆ, ಶಿಬಿರದಲ್ಲಿ ಮಕ್ಕಳಿಗೆ ಖೋಖೋ ಹೇಳಿಕೊಡುತ್ತಿದ್ದಳು. ಕೈಯಲ್ಲಿ ಮೂರು ಹಾಳೆಯ ದೂರು.

“ಅಕ್ಕಾರ, ಇದಕ್ಕೊಂದು ಸಿಕ್ಕಾ ಹೊಡದು ನನಗ ಒಂದ್ ಪ್ರತಿ ಕೊಡ್ರಿ.”

ನಮ್ಮ ಪದ್ಧತಿ ನಿನಗೆ ಗೊತ್ತು. ವಿದ್ಯಾರ್ಥಿಗಳ ಯಾವ ಅರ್ಜಿಯೂ ಅವರ ವಿಭಾಗದ ಮುಖ್ಯಸ್ಥರ ಸಹಿ ಇಲ್ಲದೆ ಟಪಾಲಿಗೆ ಬರುವಂತಿಲ್ಲ. ಸಹಿ ಇಲ್ಲದಿದ್ದರೆ ಮೊಹರು ಇಲ್ಲ. ಮೊಹರು ಇಲ್ಲದಿದ್ದರೆ ಆ ಕಾಗದ ಬಂದೇ ಇಲ್ಲ. ಅರ್ಜಿ ನಿಮ್ಮದು, ಮರ್ಜಿ ನಮ್ಮದು ಎಂದು ನಾನೇ ಎಷ್ಟೋ ಜನರನ್ನು ನಗಿಸಿ ವಾಪಸ್ ಕಳಿಸಿದ್ದೇನೆ.

“ಮುಖ್ಯಸ್ಥರ ಸಹಿ ಎಲ್ಲಮ್ಮಾ?” ಎಂದೆ, ಅಭ್ಯಾಸಬಲ.

“ದೂರು ಅವರ ಮ್ಯಾಲೇ ಐತ್ರಿ.”

ಓದಿದೆ. ಮೊದಲ ಎರಡು ಹಾಳೆಯಲ್ಲಿ, ಅವರು ತಮ್ಮ ಕೊಠಡಿಗೆ ಕರೆಸಿ ಅವಳೊಂದಿಗೆ ಅಸಭ್ಯವಾಗಿ ನಡೆದುಕೊಂಡದ್ದು, ದಿನಾಂಕ ಸಮೇತ. ಮೂರನೆಯದು ಶಿಬಿರದ ಒಂದು ಮಗುವಿನ ವಿಷಯ. ಹನ್ನೊಂದು ವರ್ಷ. ಹೆಸರು ನಿನಗೂ ಬರೆಯುವುದಿಲ್ಲ. ಜರ್ಸಿಯ ಅಳತೆ ಎಂದು ಆ ಮಗುವನ್ನು ಮಾತ್ರ ದಿನಾ ಆಟದ ಸಾಮಾನಿನ ಕೋಣೆಗೆ ಕರೆಯುತ್ತಿದ್ದರಂತೆ. ಆಮೇಲೆ ಮಗು ಆಟ ಬಿಟ್ಟು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂರತೊಡಗಿತು. ಕಂಡದ್ದು ಇಷ್ಟು, ಮಿಕ್ಕದ್ದು ಅನುಮಾನ ಎಂದು ಕೀರ್ತಿ ಮುಗಿಸಿದ್ದಳು.

ನಮ್ಮ ಸೂಪರಿಂಟೆಂಡೆಂಟ್ ಸಿದ್ರಾಮಪ್ಪನವರು ಹಿಂದಿನಿಂದ ಇಣುಕಿದರು. “ಸಹಿ ಇಲ್ಲಲ್ರೀ ಯಶೋಧಾ, ವಾಪಸ್ ಕೊಡ್ರಿ. ನಿಮಗ್ಯಾಕ ಊರ ಉಸಾಬರಿ?”

ಹುಡುಗಿ ಹಾಳೆಗಳನ್ನು ಮಡಿಚತೊಡಗಿದಳು. ಹಾಗೆ ಮಡಿಚುವುದನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ. ಕೈ ಚಾಚಿ ಇಸಿದುಕೊಂಡೆ.

“ಯಾರ ಮೇಲೆ ದೂರೋ ಅವ್ರ ಹತ್ರಾನೇ ಸಹಿ ಹಾಕಿಸ್ಕೊಂಡು ಬಾ ಅನ್ಲಾ ಸಾರ್?”

“ಮಗೂಂದು ಬರೀ ಅನುಮಾನ ಅಂತ ಆಕಿನ ಬರದಾಳಲ್ರೀ.”

“ಅನುಮಾನ ಬಂದ್ರೂ ತಿಳಿಸ್ಲೇಬೇಕು ಅಂತ ಕಾನೂನಿದೆ. ನಿಜಾನೋ ಸುಳ್ಳೋ ನೋಡೋದು ಪೊಲೀಸ್ರ ಕೆಲ್ಸ.”

ಮೂರು ಹಾಳೆಗೂ ಮೊಹರು ಹೊಡೆದೆ. ಅವಳಿಗೆ ಪ್ರತಿ ಕೊಟ್ಟು, ಆಂತರಿಕ ದೂರು ಸಮಿತಿಗೆ ನಾನೇ ಒಯ್ದು ಮುಟ್ಟಿಸಿದೆ. ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು. ಆ ಕಡೆಯ ಹೆಂಗಸು ನನ್ನ ಹೆಸರು ಕೇಳಿದರು, ಹೇಳಿದೆ. “ಮಗೂನ ನೀವೇನೂ ಕೇಳೋಕೆ ಹೋಗ್ಬೇಡಿ, ನಾವು ಬರ್ತೀವಿ” ಅಂದರು. ಮಾರನೆಯ ದಿನ ಬಂದರು, ಪೊಲೀಸರೂ ಬಂದರು. ಮುಖ್ಯಸ್ಥರು ಅಮಾನತಿನಲ್ಲಿದ್ದಾರೆ, ಕೇಸು ದಾಖಲಾಗಿದೆ. ಮಗು ಅಜ್ಜಿಯ ಮನೆಯಲ್ಲಿದೆಯಂತೆ. ಹೆಚ್ಚಿನದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಕ್ಯಾಂಟೀನಿನಲ್ಲಿ ಈಗ ನನ್ನ ಹೆಸರು ಕಾನೂನಮ್ಮ. ಟಪಾಲಿನ ನರೇಂದ್ರ ಒಬ್ಬ ಮಾತ್ರ ಬಂದು ಎದುರಿಗೆ ಕೂರುತ್ತಾನೆ. “ನಿಮ್ ಟೇಬಲ್ಲೇ ವಾಸಿ ಮೇಡಂ, ಸೀಟಿಗೆ ಜಗಳ ಇಲ್ಲ” ಅನ್ನುತ್ತಾನೆ.

ಧಾರವಾಡದಲ್ಲಿ ಮಳೆ ಶುರುವಾಗಿರಬೇಕು. ನಿನ್ನ ಶಾಲೆಯ ಮಕ್ಕಳನ್ನು ಕೆಸರಿನಲ್ಲಿ ಓಡಿಸಬೇಡ, ನಿನ್ನ ಮಂಡಿಯನ್ನೂ ನೋಡಿಕೋ. ನಿನಗೆ ಒಳ್ಳೆಯದಾಗಲಿ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ.

ನಿನ್ನ ಅಕ್ಕ,
ಯಶೋಧಾ

ತಾ.ಕ.: ಮೊನ್ನೆ ತನಿಖೆಯವರು ಕಡತದ ಕೋಣೆಗೇ ಬಂದು, ಈ ಮುಖ್ಯಸ್ಥರ ಮೇಲೆ ಹಿಂದೆ ಯಾವುದಾದರೂ ದೂರು ಬಂದಿತ್ತಾ ಎಂದು ಕೇಳಿದರು. ಹತ್ತು ವರ್ಷದ ಟಪಾಲು ಪುಸ್ತಕ ತೆಗೆದುಕೊಟ್ಟೆ. ಒಂದೂ ಇಲ್ಲ. ಹೇಗಿರುತ್ತದೆ? 2018ರ ಆಗಸ್ಟ್‌ನಲ್ಲಿ, ಅದೇ ವಿಭಾಗದಲ್ಲಿ ಓದುತ್ತಿದ್ದ ನೀನು, ಅಂಟಿಸಿದ ಲಕೋಟೆ ಹಿಡಿದು ನನ್ನ ಕಿಟಕಿಗೆ ಬಂದಿದ್ದೆ. ಹಿಂದೆ ಹತ್ತು ಜನ ನಿಂತಿದ್ದರು. ತಂಗಿಗೊಂದು ನಿಯಮ, ಊರಿಗೊಂದು ನಿಯಮ ಅಂತ ಯಾರೂ ಅನ್ನಬಾರದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, “ಮುಖ್ಯಸ್ಥರ ಸಹಿ ಮಾಡಿಸ್ಕೊಂಡು ಬಾ.” ನೀನು ಲಕೋಟೆಯನ್ನು ನಾಲ್ಕಾಗಿ ಮಡಿಚಿಕೊಂಡು ಹೋದೆ. ಒಳಗೇನಿತ್ತು ಎಂದು ಮನೆಯಲ್ಲೂ ಕೇಳಲಿಲ್ಲ. ಮುಂದಿನ ತಿಂಗಳು ಇಲ್ಲಿಯ ಓದು ಬಿಟ್ಟು ಧಾರವಾಡಕ್ಕೆ ಹೊರಟೆ. ಹವಾ ಒಗ್ಗಲಿಲ್ಲ ಅಂದೆ, ನಂಬಿದೆ.

ಅವರಿಗೆ ಹೇಳಿದ್ದೇನೆ: ಒಂದು ಬಂದಿತ್ತು, ನಾನೇ ತಿರುಗಿಸಿ ಕಳಿಸಿದೆ. ತಂದವಳ ಹೆಸರು ಹೇಳಿಲ್ಲ. ಅದು ನಿನ್ನದು, ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ತಿರುಗಿಸಿದವಳ ಹೆಸರನ್ನು ಹುದ್ದೆ ಸಮೇತ ಬರೆಸಿ, ಕೆಳಗೆ ಸಹಿ ಹಾಕಿದ್ದೇನೆ.