ತಟ್ಟೆಯ ಎಡಬದಿ

ನಂದಿದುರ್ಗ ಲೈನು, ಕೆಜಿಎಫ್
16-8-2024

ಸೊಸೆ ಮುನಿಲಕ್ಷ್ಮಿಗೆ,

ಬೇತಮಂಗಲದಲ್ಲಿ ನಿನ್ನ ತಂದೆತಾಯಿ ಕ್ಷೇಮವೆಂದುಕೊಳ್ಳುತ್ತೇನೆ. ನಾನು ಯಾರನ್ನೂ ಕಾಗದ ಬರೆದು ಕರೆದವಳಲ್ಲ. ಫೋನಿನಲ್ಲಿ ನನ್ನ ಮಾತು ಬಿರುಸಾಗುತ್ತದೆ, ಅದಕ್ಕೇ ಇದು.

ವೇಣುವಿನ ತಲೆಯ ಸ್ಕ್ಯಾನ್ ಆಯಿತು. ಹೋದ ವರ್ಷ ವಾಸಿಯಾಯಿತೆಂದು ನಂಬಿದ್ದ ರಕ್ತದ ಕ್ಯಾನ್ಸರ್ ಮಿದುಳಿಗೆ ಹೋಗಿದೆ. ಬಿಳಿ ರಕ್ತಕಣದಲ್ಲಿ ಹುಟ್ಟುವ ಅಪರೂಪದ ಜಾತಿಯಂತೆ. ಬೆಂಗಳೂರಿನ ಡಾಕ್ಟರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿ ಖಚಿತ ಮಾಡಿಕೊಂಡರು. ಗಂಟು ಮಿದುಳಿನ ಬಲಗಡೆ ಇದೆ. ಅದರಿಂದ, ಕಣ್ಣು ಸರಿಯಿದ್ದರೂ, ಎಡಕ್ಕಿರುವುದು ಅವನ ಅರಿವಿಗೇ ಬರುವುದಿಲ್ಲವಂತೆ.

ಯುಗಾದಿ ಕಳೆದ ಮೇಲೆ ಅವನು ನೀನು ತಟ್ಟೆಯ ಎಡಕ್ಕೆ ಬಡಿಸಿದ ಸೊಪ್ಪಿನ ಪಲ್ಯ ಬಿಟ್ಟು ಏಳುತ್ತಿದ್ದನಲ್ಲ, "ನಿನ್ ಕೈ ಅಡಿಗೆ ನನ್ ಮಗನ್ಗೆ ಸೇರಲ್ಲ ಬಿಡು" ಎಂದು ನಾನು ಚುಚ್ಚಿದೆ. ಒಳಗೊಳಗೆ ಸಂತೋಷವನ್ನೂ ಪಟ್ಟೆ. ನೀನು ತಟ್ಟೆ ತಿರುಗಿಸಿದೆ. ಪಲ್ಯ ಬಲಕ್ಕೆ ಬಂತು, ತಿಂದ. "ನೋಡತ್ತೆ, ಅವರ್ಗೆ ಆ ಕಡೆ ಗೊತ್ತಾಯ್ತಿಲ್ಲ, ಡಾಕ್ಟ್ರತ್ರ ಓಗಾಣ" ಅಂದೆಯಲ್ಲ, "ನಿಮ್ ಮಾವ ಗಣಿ ಇಳಿದು ಬಂದ್ರೂ ಒಂದಿನ ತಲೆನೋವು ಅಂದೋರಲ್ಲ, ತಿರ್ಗಾ ರೋಗ ಅಂತ ಬಾಯಲ್ಲಿ ತರ್ಬೇಡ" ಎಂದು ನಾನು ಗದರಿದೆ. ಅವನು ಒಂದೇ ಕೆನ್ನೆ ಬೋಳಿಸಿಕೊಂಡು ಬಂದಾಗ ನಕ್ಕುಬಿಟ್ಟೆ.

ನೀನೇ ಅವನನ್ನು ರಾಬರ್ಟ್‌ಸನ್‌ಪೇಟೆ ಡಾಕ್ಟರ ಬಳಿ ಕರೆದೊಯ್ದೆ. ಅವರು ಸ್ಕ್ಯಾನಿಗೆ ಬರೆದ ಚೀಟಿ ಕಾಣೆಯಾಯಿತು, ಜಗಳ ಬೆಳೆಯಿತು. ನಿನ್ನ ಬಟ್ಟೆ ಹೊರಗಿಟ್ಟವಳು ನಾನು.

ಈಗ ನಾನು ಬಡಿಸಿದ್ದನ್ನೂ ಅರ್ಧ ಬಿಡುತ್ತಾನೆ. ನಿನ್ನಿಂದ ಕಲಿತಂತೆ ತಟ್ಟೆ ತಿರುಗಿಸುತ್ತೇನೆ. ನಿನ್ನೆ ಅಂದ: "ಅಮ್ಮ, ಅವ್ಳು ಯಾವಾಗ ಬತ್ತಾಳೆ?"

ಗುರುವಾರ ಮೊದಲ ಸಲ ಔಷಧಿ ಏರಿಸುತ್ತಾರೆ, ಮಿದುಳಿನವರೆಗೂ ಮುಟ್ಟುವಷ್ಟು ಬಲವಾದದ್ದು. ಗಂಟು ಕರಗಬಹುದು, ಮಾತು ಕೊಡಲಾರೆ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬುಧವಾರ ಬೆಳಗಿನ ಬೆಂಗಳೂರು ರೈಲಿಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇರುತ್ತೇವೆ. ನನ್ನ ಮುಖ ನೋಡಿ ಬರಬೇಡ. ಬಂದರೆ ಅವನ ಬಲಗಡೆ ಕೂತುಕೋ. ಎಡಗಡೆ ನಾನು ಕೂರುತ್ತೇನೆ.

ನಿನ್ನ ದಾರಿ ನೋಡುವ ಅತ್ತೆ,
ಕದಿರಮ್ಮ

ಮತ್ತೊಂದು: ಆ ಚೀಟಿ ನೀನು ಕಳೆದದ್ದಲ್ಲ. ರಾಗಿಹಿಟ್ಟಿನ ಡಬ್ಬದ ತಳದಲ್ಲಿ ನಾನೇ ಇಟ್ಟಿದ್ದೆ. ಈ ಲಕೋಟೆಯೊಳಗೇ ಇದೆ, ಅದರ ಮೇಲೆ ಮೇ ತಿಂಗಳ ತಾರೀಕಿದೆ. ಬೆಂಗಳೂರಿನ ಡಾಕ್ಟರಿಗೆ ನಾನು ಹದಿನೈದು ದಿನದಿಂದ ಹೀಗೆ ಎಂದಿದ್ದೇನೆ. ಚೀಟಿಯನ್ನು ಅವರಿಗೆ ತೋರಿಸು. ವೇಣುವಿಗೆ ಮಾತ್ರ ನಾನೇ ಹೇಳುತ್ತೇನೆ.